ಫಾಸ್ಟ್‌ಎಪಿಐ ಬಳಸಿ ವೆಬ್ ಎಪಿಐ ಕಟ್ಟುವ ಮತ್ತು ವಿವರಿಸುವ ಕ್ರಮ

ವೆಬ್ ಎಪಿಐ ಎಂದರೆ ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಜಾಲದ ಮೂಲಕ ಮಾಹಿತಿ ವಿನಿಮಯ ಮಾಡಿಕೊಳ್ಳುವ ದಾರಿ. ಅದನ್ನು ಕಟ್ಟುವವರಿಗೆ ಅದರ ಕೋಡ್ ಕಣ್ಣ ಮುಂದೆಯೇ ಇರುತ್ತದೆ. ಬಳಸುವವರಿಗೆ ಸಿಗುವುದು ಒಂದು ವಿಳಾಸ ಮತ್ತು ಅದರ ಕುರಿತು ಬರೆದಿಟ್ಟ ವಿವರಣೆ ಮಾತ್ರ. ಆ ವಿವರಣೆ ಕೋಡ್‌ಗಿಂತ ಹಿಂದೆ ಉಳಿದರೆ ಬಳಸುವವರು ಕಳುಹಿಸುವ ಪ್ರತಿಯೊಂದು ಕೋರಿಕೆಯೂ ಊಹೆಯ ಮೇಲೆ ನಿಲ್ಲುತ್ತದೆ. ಪೈಥಾನ್‌ನ ಫಾಸ್ಟ್‌ಎಪಿಐ ಫ್ರೇಮ್‌ವರ್ಕ್ ಈ ಅಂತರವನ್ನು ಬಹುಮಟ್ಟಿಗೆ ಮುಚ್ಚುತ್ತದೆ, ಏಕೆಂದರೆ ಬಂದ ಮಾಹಿತಿಯನ್ನು ಪರಿಶೀಲಿಸುವ ಸಾಲುಗಳಿಂದಲೇ ಅದು ಡಾಕ್ಯುಮೆಂಟೇಶನ್ ಅನ್ನೂ ತಯಾರಿಸುತ್ತದೆ. ಆದರೆ ಫ್ರೇಮ್‌ವರ್ಕ್‌ಗೆ ತಿಳಿಯುವುದು ಮಾಹಿತಿಯ ಆಕಾರ ಮಾತ್ರ. ಅದರ ಅರ್ಥವನ್ನು, ಅಂದರೆ ಅಳತೆಯ ಮಾನ ಯಾವುದೆಂಬುದನ್ನು, ಖಾಲಿ ಬೆಲೆಯ (ಬೆಲೆ ಎಂದರೆ ಇಲ್ಲಿ ಮೌಲ್ಯ, ಹಣದ ಮಾತಲ್ಲ) ತಾತ್ಪರ್ಯವನ್ನು, ಯಾವ ಸಂದರ್ಭದಲ್ಲಿ ಯಾವ ದೋಷ ಬರುತ್ತದೆ ಎಂಬುದನ್ನು, ಬರೆಯುವವರೇ ಹೇಳಬೇಕು. ಈ ಲೇಖನ ಹೆಚ್ಚು ಹೊತ್ತು ನಿಲ್ಲುವುದು ಆ ಎರಡನೆಯ ಭಾಗದ ಮೇಲೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುವುದಾದರೆ, ಸೆಬಾಸ್ಟಿಯನ್ ರಾಮಿರೆಸ್ ಅವರು ರೂಪಿಸಿದ ಫಾಸ್ಟ್‌ಎಪಿಐ 2018ರ ಡಿಸೆಂಬರ್‌ನಲ್ಲಿ ಮೊದಲು ಬಿಡುಗಡೆಯಾಯಿತು. ವೆಬ್ ವ್ಯವಹಾರಕ್ಕೆ ಅದು ಸ್ಟಾರ್ಲೆಟ್ ಎಂಬ ಲೈಬ್ರರಿಯನ್ನೂ ಮಾಹಿತಿಯ ಪರಿಶೀಲನೆಗೆ ಪೈಡ್ಯಾಂಟಿಕ್ ಎಂಬ ಲೈಬ್ರರಿಯನ್ನೂ ಆಧರಿಸಿದೆ. ಅದು ಹೊರಡಿಸುವ ವಿವರಣೆ ಓಪನ್‌ಎಪಿಐ ಎಂಬ ಸಾರ್ವತ್ರಿಕ ಮಾನದಂಡದ ರೂಪದಲ್ಲಿರುತ್ತದೆ. ಮೊದಲು ಸ್ವ್ಯಾಗರ್ ಎಂಬ ಹೆಸರಿದ್ದ ಈ ಮಾನದಂಡವು 2015ರಲ್ಲಿ ಲಿನಕ್ಸ್ ಫೌಂಡೇಶನ್‌ನ ಆಶ್ರಯಕ್ಕೆ ಬಂದಿತು. 2021ರಲ್ಲಿ ಪ್ರಕಟವಾದ ಅದರ 3.1ನೇ ಆವೃತ್ತಿಯನ್ನೇ ಫಾಸ್ಟ್‌ಎಪಿಐ ಈಗ ಬಳಸುತ್ತದೆ. ಮಾನದಂಡ ಸಾರ್ವತ್ರಿಕವಾಗಿರುವುದರಿಂದ ಅದೇ ಕಡತದಿಂದ ಬೇರೆ ಭಾಷೆಗಳ ಕ್ಲೈಂಟ್ ಕೋಡ್ (ಎಪಿಐಯನ್ನು ಕರೆಯುವ ಬದಿಯ ಕೋಡ್) ಅನ್ನೂ ಪರೀಕ್ಷೆಗಳನ್ನೂ ಹುಟ್ಟಿಸಬಹುದು.

ಉದಾಹರಣೆಗಾಗಿ, ಮಳೆಮಾಪನ ಕೇಂದ್ರಗಳಿಂದ ಅಳತೆಗಳನ್ನು ಪಡೆದು, ಕೇಳಿದವರಿಗೆ ಒದಗಿಸುವ ಒಂದು ಎಪಿಐಯನ್ನು ಕಟ್ಟೋಣ. ನೋಡಲು ಇದು ತೀರಾ ಸರಳ: ಕೇಂದ್ರದ ಗುರುತು, ಸಮಯ, ಮಳೆಯ ಪ್ರಮಾಣ. ಆದರೂ ವಿವರಣೆ ಎಲ್ಲೆಲ್ಲಿ ಸೋಲಬಹುದು ಎಂಬುದನ್ನು ಈ ಮೂರೇ ಸಂಗತಿಗಳು ಚೆನ್ನಾಗಿ ತೋರಿಸಿಕೊಡುತ್ತವೆ.

ಕೋಡ್‌ಗೆ ಮೊದಲು ಒಪ್ಪಂದ

ಎಡಿಟರ್ ತೆರೆಯುವ ಮೊದಲು ಒಂದು ಹಾಳೆಯಲ್ಲಿ ಎಪಿಐಯ ಸಂಪನ್ಮೂಲಗಳನ್ನೂ ಅವುಗಳ ಮೇಲೆ ನಡೆಯುವ ಕ್ರಿಯೆಗಳನ್ನೂ ಬರೆದುಕೊಳ್ಳಿ. ಇಲ್ಲಿ ಸಂಪನ್ಮೂಲಗಳು ಎರಡು: ಕೇಂದ್ರ ಮತ್ತು ಅಳತೆ. ಕ್ರಿಯೆಗಳಿಗೆ ಎಚ್‌ಟಿಟಿಪಿ ಎಂಬ ವೆಬ್ ನಿಯಮಾವಳಿಯ ವಿಧಾನಗಳನ್ನು ಬಳಸುತ್ತೇವೆ: ಹೊಸ ಅಳತೆಯನ್ನು ಸೇರಿಸಲು ಪೋಸ್ಟ್, ಒಂದು ಕೇಂದ್ರದ ಅಳತೆಗಳನ್ನು ಓದಲು ಗೆಟ್, ತಪ್ಪಾಗಿ ದಾಖಲಾದ ಒಂದು ಭಾಗವನ್ನು ತಿದ್ದಲು ಪ್ಯಾಚ್. ವಿಳಾಸದಲ್ಲಿ ನಾಮಪದ, ವಿಧಾನದಲ್ಲಿ ಕ್ರಿಯಾಪದ ಎಂಬ ನಿಯಮವನ್ನು ಪಾಲಿಸಿದರೆ ಹೆಸರುಗಳು ತಾವಾಗಿ ಸರಿಹೋಗುತ್ತವೆ.

ಅನಂತರ ಪ್ರತಿಯೊಂದು ಕ್ರಿಯೆಯ ಪಕ್ಕದಲ್ಲಿ ಅದು ವಿಫಲವಾಗಬಹುದಾದ ಬಗೆಗಳನ್ನು ಬರೆಯಿರಿ. ಕೇಂದ್ರವೇ ಇಲ್ಲದಿದ್ದರೆ ಏನಾಗಬೇಕು? ಅದೇ ಸಮಯದ ಅಳತೆ ಮೊದಲೇ ಬಂದಿದ್ದರೆ? ಕಳುಹಿಸಿದವರಿಗೆ ಅನುಮತಿ ಇಲ್ಲದಿದ್ದರೆ? ಯಶಸ್ಸಿನ ದಾರಿಯನ್ನು ಎಲ್ಲರೂ ಬರೆಯುತ್ತಾರೆ; ಎಪಿಐ ಬಳಸುವವರ ಸಮಯದ ಬಹುಪಾಲು ಹೋಗುವುದು ವೈಫಲ್ಯದ ದಾರಿಗಳಲ್ಲಿ. ಆದ್ದರಿಂದ ಈ ಪಟ್ಟಿಯನ್ನು ಎಸೆಯದೆ ಇಟ್ಟುಕೊಳ್ಳಿ. ಮುಂದೆ ಇದೇ ನೇರವಾಗಿ ಕೋಡ್‌ಗೆ ಇಳಿಯುತ್ತದೆ.

ಅಳವಡಿಕೆ

ಯೋಜನೆಗೆ ಪ್ರತ್ಯೇಕವಾದ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡು, ಪೈಥಾನ್‌ನ ಪ್ಯಾಕೇಜ್ ಸ್ಥಾಪಕವಾದ ಪಿಪ್ ಮೂಲಕ ಫಾಸ್ಟ್‌ಎಪಿಐಯನ್ನು ಸ್ಟ್ಯಾಂಡರ್ಡ್ ಎಂಬ ಹೆಚ್ಚುವರಿ ಗುಂಪಿನೊಂದಿಗೆ ಸ್ಥಾಪಿಸಿ. ಆ ಗುಂಪಿನಲ್ಲಿ ಯುವಿಕಾರ್ನ್ ಸರ್ವರ್ ಮತ್ತು ಕಮಾಂಡ್ ಲೈನ್ ಉಪಕರಣ ಎರಡೂ ಬರುತ್ತವೆ. ಮೇನ್ ಎಂಬ ಕಡತದಲ್ಲಿ ಫಾಸ್ಟ್‌ಎಪಿಐ ಕ್ಲಾಸ್‌ನ ಒಂದು ವಸ್ತುವನ್ನು ರಚಿಸಿ, ಅದಕ್ಕೆ ಶೀರ್ಷಿಕೆ, ಆವೃತ್ತಿ ಮತ್ತು ನಾಲ್ಕೈದು ಸಾಲಿನ ವಿವರಣೆಯನ್ನು ಕೊಡಿ. ಫಾಸ್ಟ್‌ಎಪಿಐ ಡೆವ್ ಎಂಬ ಆದೇಶದಿಂದ ಅದನ್ನು ನಡೆಸಿದರೆ ನಿಮ್ಮ ಯಂತ್ರದ 8000ನೇ ಪೋರ್ಟ್‌ನಲ್ಲಿ ಎಪಿಐ ಕೇಳಿಸಿಕೊಳ್ಳಲು ಆರಂಭಿಸುತ್ತದೆ ಮತ್ತು ಕೋಡ್ ಬದಲಾದಾಗಲೆಲ್ಲ ತಾನಾಗಿ ಮರಳಿ ಆರಂಭವಾಗುತ್ತದೆ.

ಈಗ ಬ್ರೌಸರ್‌ನಲ್ಲಿ ಮೂರು ವಿಳಾಸಗಳು ನಿಮಗೆ ಸಿಗುತ್ತವೆ. ಡಾಕ್ಸ್ ಎಂಬಲ್ಲಿ ಸ್ವ್ಯಾಗರ್ ಯುಐ ಇದ್ದು, ಅಲ್ಲಿಂದಲೇ ಕೋರಿಕೆಗಳನ್ನು ಕಳುಹಿಸಿ ನೋಡಬಹುದು. ರೀಡಾಕ್ ಎಂಬಲ್ಲಿ ಓದಲು ಅನುಕೂಲವಾದ ಪುಟವಿರುತ್ತದೆ. ಓಪನ್‌ಎಪಿಐ ಎಂಬ ಹೆಸರಿನ ಜೇಸನ್ ಕಡತ ಮೂರನೆಯದು. ಮೊದಲೆರಡು ಪುಟಗಳು ಈ ಕಡತವನ್ನು ಚೆಂದಗೊಳಿಸಿ ತೋರಿಸುವ ಕಿಟಕಿಗಳಷ್ಟೇ. ಕೆಲಸ ಮಾಡುವಾಗ ಈ ಕಡತವನ್ನೇ ಆಗಾಗ ತೆರೆದು ಓದುವ ಅಭ್ಯಾಸ ಬೆಳೆಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಬಳಸುವವರ ಉಪಕರಣಗಳು ನಂಬುವುದು ಇದನ್ನೇ.

ಮಾಡೆಲ್‌ಗಳು: ಆಕಾರವನ್ನೂ ಅರ್ಥವನ್ನೂ ಒಟ್ಟಿಗೆ ಬರೆಯುವುದು

ಪೈಡ್ಯಾಂಟಿಕ್‌ನ ಬೇಸ್‌ಮಾಡೆಲ್‌ನಿಂದ ಹುಟ್ಟುವ ಕ್ಲಾಸ್‌ಗಳಲ್ಲಿ ಪ್ರತಿಯೊಂದು ಫೀಲ್ಡ್‌ಗೂ ಒಂದು ಟೈಪ್ ಇರುತ್ತದೆ. ಕೇಂದ್ರದ ಗುರುತು ಸ್ಟ್ರಿಂಗ್ (ಪಠ್ಯ), ಸಮಯ ಡೇಟ್‌ಟೈಮ್, ಮಳೆಯ ಪ್ರಮಾಣ ಫ್ಲೋಟ್ (ದಶಮಾಂಶ ಸಂಖ್ಯೆ) ಎಂದು ಬರೆದು ನಿಲ್ಲಿಸಿದರೂ ಕೋಡ್ ಓಡುತ್ತದೆ, ಡಾಕ್ಯುಮೆಂಟೇಶನ್ ಪುಟವೂ ಮೂಡುತ್ತದೆ. ಆದರೆ ಆ ಪುಟವನ್ನು ಓದಿದವರಿಗೆ ಪ್ರಮಾಣ ಮಿಲಿಮೀಟರ್‌ನಲ್ಲಿದೆಯೇ ಅಂಗುಲದಲ್ಲಿದೆಯೇ ತಿಳಿಯದು. ಸಮಯವು ಅಳತೆಯ ಅವಧಿ ಆರಂಭವಾದ ಗಳಿಗೆಯೋ ಮುಗಿದ ಗಳಿಗೆಯೋ ಎಂಬುದೂ ತಿಳಿಯದು. ಗಂಟೆಗೊಮ್ಮೆ ಬರುವ ಅಳತೆಗಳಲ್ಲಿ ಈ ಎರಡನೆಯ ಗೊಂದಲ ಇಡೀ ಸರಣಿಯನ್ನು ಒಂದು ಗಂಟೆ ಆಚೀಚೆ ಸರಿಸಿಬಿಡುತ್ತದೆ, ಮತ್ತು ಯಾವ ದೋಷಸಂದೇಶವೂ ಅದನ್ನು ಹೊರಗೆಡಹುವುದಿಲ್ಲ.

ಆದ್ದರಿಂದ ಪೈಥಾನ್‌ನ ಆನೊಟೇಟೆಡ್ ರೂಪದಲ್ಲಿ ಟೈಪ್‌ನ ಜೊತೆಗೆ ಪೈಡ್ಯಾಂಟಿಕ್‌ನ ಫೀಲ್ಡ್ ಅನ್ನು ಇಟ್ಟು, ಅದರ ಡಿಸ್ಕ್ರಿಪ್ಶನ್‌ನಲ್ಲಿ ಮಾನ, ಅವಧಿ ಮತ್ತು ಮಿತಿಗಳನ್ನು ಪೂರ್ಣ ವಾಕ್ಯಗಳಲ್ಲಿ ಬರೆಯಿರಿ. ಮಾನವನ್ನು ಫೀಲ್ಡ್‌ನ ಹೆಸರಿಗೇ ಸೇರಿಸುವುದು ಇನ್ನೂ ಒಳ್ಳೆಯದು. ಹೆಸರಿನ ಕೊನೆಯಲ್ಲಿ ಮಿಲಿಮೀಟರ್ ಎಂಬುದರ ಸಂಕ್ಷೇಪವಿದ್ದರೆ ವಿವರಣೆ ಓದದವರೂ ತಪ್ಪು ಮಾಡುವುದು ಕಷ್ಟ. ಮಳೆ ಋಣಾತ್ಮಕವಾಗಲಾರದು ಎಂಬುದನ್ನು ಜಿಇ (ಇದಕ್ಕೆ ಸಮ ಅಥವಾ ಇದಕ್ಕಿಂತ ಹೆಚ್ಚು) ಎಂಬ ನಿರ್ಬಂಧದಲ್ಲಿ ಸೊನ್ನೆಯನ್ನಿಟ್ಟು ಹೇಳಿ: ಈ ಒಂದು ಸಾಲು ತಪ್ಪು ಬೆಲೆಯನ್ನು ತಡೆಯುತ್ತದೆ, ಓಪನ್‌ಎಪಿಐ ಕಡತದಲ್ಲಿ ಕನಿಷ್ಠ ಬೆಲೆಯಾಗಿಯೂ ಕಾಣಿಸಿಕೊಳ್ಳುತ್ತದೆ. ಸಮಯಕ್ಕೆ ಬರಿಯ ಡೇಟ್‌ಟೈಮ್‌ನ ಬದಲು ಪೈಡ್ಯಾಂಟಿಕ್‌ನ ಅವೇರ್‌ಡೇಟ್‌ಟೈಮ್ ಬಳಸಿದರೆ ಕಾಲವಲಯವಿಲ್ಲದ ಸಮಯವನ್ನು ಎಪಿಐ ಸ್ವೀಕರಿಸುವುದೇ ಇಲ್ಲ. ಅನೇಕ ದೇಶಗಳಿಂದ ಮಾಹಿತಿ ಬರಬಹುದಾದ ಯಾವ ಎಪಿಐಯಲ್ಲೂ ಇದಕ್ಕಿಂತ ಸಡಿಲವಾದ ನಿಯಮವನ್ನು ನಾನು ಒಪ್ಪುವುದಿಲ್ಲ.

ಖಾಲಿ ಬೆಲೆಯ ಪ್ರಶ್ನೆಗೆ ಸ್ವಲ್ಪ ಹೆಚ್ಚು ಗಮನ ಬೇಕು. ಸೊನ್ನೆ ಮಿಲಿಮೀಟರ್ ಎಂದರೆ ಮಳೆ ಬೀಳಲಿಲ್ಲ. ನಲ್ ಎಂಬ ಖಾಲಿ ಬೆಲೆ ಬಂದರೆ ಉಪಕರಣ ಅಳೆಯಲಿಲ್ಲ. ಇವೆರಡರ ನಡುವೆ, ಮಳೆ ಬಿದ್ದರೂ ಅಳೆಯಲಾಗದಷ್ಟು ಕಡಿಮೆ ಎಂಬ ಮೂರನೆಯ ಸ್ಥಿತಿಯನ್ನೂ ಹವಾಮಾನ ವೀಕ್ಷಕರು ಟ್ರೇಸ್ ಎಂಬ ಹೆಸರಿನಲ್ಲಿ ದಾಖಲಿಸುತ್ತಾರೆ. ಒಂದೇ ಸಂಖ್ಯೆಯಲ್ಲಿ ಮೂರನ್ನೂ ತುರುಕುವ ಬದಲು ಪ್ರಮಾಣದ ಜೊತೆಗೆ ಸ್ಥಿತಿ ಎಂಬ ಇನ್ನೊಂದು ಫೀಲ್ಡ್ ಇಟ್ಟು, ಅದಕ್ಕೆ ಎನಮ್ ಅಥವಾ ಲಿಟರಲ್ ಎಂಬ ಪಟ್ಟಿರೂಪದ ಟೈಪ್ ಮೂಲಕ ನಿಗದಿತ ಬೆಲೆಗಳನ್ನಷ್ಟೇ ಅನುಮತಿಸಿ. ಆ ಬೆಲೆಗಳ ಪಟ್ಟಿ ಡಾಕ್ಯುಮೆಂಟೇಶನ್‌ನಲ್ಲಿ ತಾನಾಗಿ ಮೂಡುತ್ತದೆ. ಪ್ರತಿಯೊಂದರ ಅರ್ಥವನ್ನು ಮಾತ್ರ ನೀವು ಬರೆಯಬೇಕು.

ಇಲ್ಲಿಯೇ ಪೈಡ್ಯಾಂಟಿಕ್‌ನ ಒಂದು ಸೂಕ್ಷ್ಮವನ್ನೂ ತಿಳಿದಿರಬೇಕು. 2023ರಲ್ಲಿ ಬಂದ ಎರಡನೆಯ ಆವೃತ್ತಿಯಿಂದ, ಒಂದು ಫೀಲ್ಡ್‌ನ ಟೈಪ್ ಫ್ಲೋಟ್ ಅಥವಾ ನನ್ (ನಲ್‌ಗೆ ಪೈಥಾನ್‌ನಲ್ಲಿರುವ ಹೆಸರು) ಎಂದಿದ್ದು ಡೀಫಾಲ್ಟ್ ಬೆಲೆ ಇಲ್ಲದಿದ್ದರೆ ಆ ಫೀಲ್ಡ್ ಕಡ್ಡಾಯ. ನಲ್ ಕಳುಹಿಸಬಹುದು, ಆದರೆ ಫೀಲ್ಡ್ ಅನ್ನೇ ಬಿಡುವಂತಿಲ್ಲ. ನಮ್ಮ ಉದಾಹರಣೆಗೆ ಇದು ಹೇಳಿ ಮಾಡಿಸಿದ ವರ್ತನೆ: ಅಳೆಯಲಿಲ್ಲ ಎಂಬುದನ್ನು ಕೇಂದ್ರವು ಬಾಯಿಬಿಟ್ಟು ಹೇಳಬೇಕಾಗುತ್ತದೆ, ಮರೆತು ಬಿಟ್ಟದ್ದು ಅಳೆಯದ್ದೆಂದು ದಾಖಲಾಗುವುದಿಲ್ಲ.

ಇನ್ನೊಂದು ಸೂಕ್ಷ್ಮವೆಂದರೆ, ಮಾಡೆಲ್‌ನಲ್ಲಿ ಇಲ್ಲದ ಫೀಲ್ಡ್‌ಗಳನ್ನು ಪೈಡ್ಯಾಂಟಿಕ್ ಸದ್ದಿಲ್ಲದೆ ಕೈಬಿಡುತ್ತದೆ. ಐಚ್ಛಿಕ ಫೀಲ್ಡ್ ಒಂದರ ಹೆಸರನ್ನು ಕ್ಲೈಂಟ್ ತಪ್ಪಾಗಿ ಬರೆದರೆ ಅದಕ್ಕೆ ಯಶಸ್ಸಿನ ಉತ್ತರವೇ ಹೋಗುತ್ತದೆ, ಮಾಹಿತಿ ಮಾತ್ರ ಉಳಿಯುವುದಿಲ್ಲ. ಕೋರಿಕೆಯ ಮಾಡೆಲ್‌ಗಳ ಸಂರಚನೆಯಲ್ಲಿ ಎಕ್ಸ್‌ಟ್ರಾ ಎಂಬುದಕ್ಕೆ ಫರ್ಬಿಡ್ ಎಂಬ ಬೆಲೆ ಕೊಟ್ಟರೆ ಅಂಥ ಕೋರಿಕೆ ತಿರಸ್ಕೃತವಾಗುತ್ತದೆ ಮತ್ತು ಆ ನಿಯಮ ಓಪನ್‌ಎಪಿಐ ಕಡತಕ್ಕೂ ಇಳಿಯುತ್ತದೆ.

ಕೋರಿಕೆಗೆ ಒಂದು ಮಾಡೆಲ್, ಉತ್ತರಕ್ಕೆ ಇನ್ನೊಂದು, ತಿದ್ದುಪಡಿಗೆ ಮತ್ತೊಂದು ಎಂದು ಬೇರೆಬೇರೆ ಇಡಿ. ಉತ್ತರದಲ್ಲಿ ಸರ್ವರ್ ನೀಡಿದ ಗುರುತು ಮತ್ತು ದಾಖಲಾದ ಸಮಯ ಇರುತ್ತವೆ, ಕೋರಿಕೆಯಲ್ಲಿ ಇರಬಾರದು. ಫಂಕ್ಷನ್‌ನ ರಿಟರ್ನ್ ಟೈಪ್ ಆಗಿ ಅಥವಾ ರೆಸ್ಪಾನ್ಸ್ ಮಾಡೆಲ್ ಎಂಬ ಆರ್ಗ್ಯುಮೆಂಟ್‌ನಲ್ಲಿ ಉತ್ತರದ ಮಾಡೆಲ್ ಘೋಷಿಸಿದರೆ, ಅದರಲ್ಲಿ ಇಲ್ಲದ ಫೀಲ್ಡ್‌ಗಳನ್ನು ಫಾಸ್ಟ್‌ಎಪಿಐ ಉತ್ತರದಿಂದ ತೆಗೆದುಹಾಕುತ್ತದೆ. ಡೇಟಾಬೇಸ್‌ನಲ್ಲಿರುವ ಆಂತರಿಕ ಕೀಲಿಯೊಂದು ಅಕಸ್ಮಾತ್ತಾಗಿ ಹೊರಗೆ ಹೋಗುವುದನ್ನು ಇದು ತಪ್ಪಿಸುತ್ತದೆ. ಪ್ಯಾಚ್‌ಗಾಗಿ ಎಲ್ಲ ಫೀಲ್ಡ್‌ಗಳೂ ಐಚ್ಛಿಕವಾದ ಮಾಡೆಲ್ ಮಾಡಿ, ಎಕ್ಸ್‌ಕ್ಲೂಡ್ ಅನ್‌ಸೆಟ್ ಆಯ್ಕೆಯೊಂದಿಗೆ ಮಾಡೆಲ್ ಡಂಪ್ ಕರೆದರೆ ಕ್ಲೈಂಟ್ ನಿಜವಾಗಿ ಕಳುಹಿಸಿದ ಫೀಲ್ಡ್‌ಗಳಷ್ಟೇ ಸಿಗುತ್ತವೆ. ಕಳುಹಿಸದಿದ್ದುದಕ್ಕೂ ನಲ್ ಎಂದು ಕಳುಹಿಸಿದ್ದಕ್ಕೂ ವ್ಯತ್ಯಾಸ ಉಳಿಯುವುದು ಹೀಗೆ.

ಮಾರ್ಗಗಳು ಮತ್ತು ದೋಷಗಳು

ಮಾರ್ಗಗಳನ್ನು ಎಪಿಐರೂಟರ್‌ಗಳಲ್ಲಿ ವಿಂಗಡಿಸಿ, ಪ್ರತಿಯೊಂದಕ್ಕೂ ಪ್ರಿಫಿಕ್ಸ್ ಮತ್ತು ಟ್ಯಾಗ್ ಕೊಡಿ. ಫಾಸ್ಟ್‌ಎಪಿಐ ಮಾರ್ಗಗಳನ್ನು ಬರೆದ ಕ್ರಮದಲ್ಲೇ ಹೋಲಿಸಿ ನೋಡುವುದರಿಂದ, ಇತ್ತೀಚಿನ ಅಳತೆ ಕೊಡುವ ನಿಶ್ಚಿತ ಮಾರ್ಗವು ಗುರುತನ್ನು ತೆಗೆದುಕೊಳ್ಳುವ ಚರ ಮಾರ್ಗಕ್ಕಿಂತ ಮೊದಲು ಬರಬೇಕು. ಇಲ್ಲದಿದ್ದರೆ ಇತ್ತೀಚಿನದು ಎಂಬ ಪದವನ್ನೇ ಅದು ಗುರುತೆಂದು ತಿಳಿಯುತ್ತದೆ. ಪಟ್ಟಿ ಕೊಡುವ ಮಾರ್ಗಗಳಿಗೆ ಮೊದಲ ದಿನದಿಂದಲೇ ಪುಟವಿಭಜನೆ ಇರಲಿ. ಒಮ್ಮೆಗೆ ಎಷ್ಟು ಅಳತೆ ಬೇಕೆಂದು ಹೇಳುವ ಲಿಮಿಟ್‌ಗೆ ಕನಿಷ್ಠ 1, ಗರಿಷ್ಠ 100 ಎಂಬ ನಿರ್ಬಂಧವನ್ನು ಕ್ವೆರಿಯಲ್ಲಿ ಬರೆದರೆ ಸಾಕು. ಬಳಕೆ ಆರಂಭವಾದ ಮೇಲೆ ಮಿತಿ ಹಾಕಲು ಹೊರಟರೆ ಇಡೀ ಪಟ್ಟಿಯನ್ನು ನಂಬಿಕೊಂಡಿರುವ ಕ್ಲೈಂಟ್‌ಗಳು ಮುರಿಯುತ್ತವೆ.

ಕೋರಿಕೆಯ ಫಲವನ್ನು ಕ್ಲೈಂಟ್‌ಗೆ ಹೇಳುವ ಎಚ್‌ಟಿಟಿಪಿ ಸ್ಥಿತಿಸಂಖ್ಯೆಗಳನ್ನು ಸ್ಪಷ್ಟವಾಗಿ ಆರಿಸಿ. ಹೊಸ ಅಳತೆ ಸೇರಿದಾಗ 201, ಕೇಂದ್ರ ಇಲ್ಲದಾಗ 404, ಅದೇ ಸಮಯದ ಅಳತೆ ಮೊದಲೇ ಇದ್ದಾಗ 409. ಈ ಕೊನೆಯದಕ್ಕೆ ವಿಶೇಷ ಕಾರಣವಿದೆ. ಕೇಂದ್ರದ ಉಪಕರಣ ಅಳತೆ ಕಳುಹಿಸಿ ಉತ್ತರ ಬರುವ ಮೊದಲೇ ಸಂಪರ್ಕ ಕಡಿದುಹೋದರೆ ಅದು ಮತ್ತೆ ಕಳುಹಿಸಿಯೇ ತೀರುತ್ತದೆ, ಮತ್ತು ಪೋಸ್ಟ್ ಎಂಬುದು ಪುನರಾವರ್ತನೆಯನ್ನು ತಾನಾಗಿ ತಡೆಯುವ ವಿಧಾನವಲ್ಲ. ಮೊದಲು ಹುಡುಕಿ ಅನಂತರ ಸೇರಿಸುವ ಕೋಡ್‌ನಲ್ಲಿ ಎರಡು ಕೋರಿಕೆಗಳು ಒಟ್ಟಿಗೆ ಬಂದರೆ ಎರಡೂ ಒಳಗೆ ನುಸುಳಬಹುದು. ಆದ್ದರಿಂದ ಕೇಂದ್ರ ಮತ್ತು ಸಮಯಗಳ ಜೋಡಿಗೆ ಡೇಟಾಬೇಸ್‌ನಲ್ಲೇ ಯೂನೀಕ್ ನಿರ್ಬಂಧ ಹಾಕಿ, ಅದು ಮುರಿದಾಗ ಬರುವ ದೋಷವನ್ನು 409 ಆಗಿ ಪರಿವರ್ತಿಸಿ. 409 ಬಂದರೆ ಅಳತೆ ಸುರಕ್ಷಿತವಾಗಿ ತಲುಪಿದೆ, ಮತ್ತೆ ಕಳುಹಿಸಬೇಕಾಗಿಲ್ಲ ಎಂಬ ಮಾತನ್ನು ಡಾಕ್ಯುಮೆಂಟೇಶನ್‌ನಲ್ಲಿ ಬರೆಯದಿದ್ದರೆ, ಉಪಕರಣಕ್ಕೆ ಪ್ರೋಗ್ರಾಂ ಬರೆಯುವವರು ಅದನ್ನು ವೈಫಲ್ಯವೆಂದೇ ತಿಳಿದು ಕೊನೆಯಿಲ್ಲದೆ ಪ್ರಯತ್ನಿಸುವಂತೆ ಮಾಡಬಹುದು.

ಫಾಸ್ಟ್‌ಎಪಿಐ ಬಳಸುವ ತಂಡಗಳಲ್ಲಿ ಅತಿ ಹೆಚ್ಚು ಮರೆತುಹೋಗುವ ಹೆಜ್ಜೆ ಇದಾದ ಮೇಲಿನದು. ಫಂಕ್ಷನ್‌ನ ಒಳಗೆ ಎಚ್‌ಟಿಟಿಪಿ ಎಕ್ಸೆಪ್ಶನ್ ಎಸೆದರೆ ಕ್ಲೈಂಟ್‌ಗೆ 404 ಹೋಗುತ್ತದೆ ನಿಜ, ಆದರೆ ಓಪನ್‌ಎಪಿಐ ಕಡತಕ್ಕೆ ಅದರ ಸುಳಿವೇ ಇರುವುದಿಲ್ಲ, ಏಕೆಂದರೆ ಫ್ರೇಮ್‌ವರ್ಕ್ ಫಂಕ್ಷನ್‌ನ ಸಹಿಯನ್ನು ಓದುತ್ತದೆಯೇ ಹೊರತು ಒಡಲನ್ನು ಓದುವುದಿಲ್ಲ. ಹಾಗಾಗಿ ಮಾರ್ಗದ ಡೆಕೊರೇಟರ್‌ನಲ್ಲಿ (ಫಂಕ್ಷನ್‌ನ ಮೇಲೆ ಬರೆದು ಅದನ್ನು ವಿಳಾಸಕ್ಕೆ ಜೋಡಿಸುವ ಸಾಲಿನಲ್ಲಿ) ರೆಸ್ಪಾನ್ಸಸ್ ಎಂಬ ಆರ್ಗ್ಯುಮೆಂಟ್ ಕೊಟ್ಟು, ಪ್ರತಿಯೊಂದು ದೋಷಸಂಖ್ಯೆಗೂ ಅದರ ಮಾಡೆಲ್ ಮತ್ತು ವಿವರಣೆಯನ್ನು ಘೋಷಿಸಬೇಕು. ಆರಂಭದಲ್ಲಿ ಹಾಳೆಯಲ್ಲಿ ಬರೆದ ವೈಫಲ್ಯಗಳ ಪಟ್ಟಿ ಇಳಿಯಬೇಕಾದ ಜಾಗ ಇದೇ.

ದೋಷಗಳ ಆಕಾರದಲ್ಲೂ ಒಂದು ಅಸಮತೆ ಇದೆ. ಮಾಹಿತಿ ನಿಯಮಕ್ಕೆ ಒಪ್ಪದಿದ್ದಾಗ ಫಾಸ್ಟ್‌ಎಪಿಐ ತಾನಾಗಿ ಕಳುಹಿಸುವ 422ರಲ್ಲಿ ಡೀಟೇಲ್ ಎಂಬುದು ಒಂದು ಪಟ್ಟಿಯಾಗಿರುತ್ತದೆ; ನೀವು ಎಸೆದ ಎಕ್ಸೆಪ್ಶನ್‌ನಲ್ಲಿ ಅದು ಸಾಮಾನ್ಯವಾಗಿ ಬರಿಯ ವಾಕ್ಯ. ಒಂದೇ ಹೆಸರಿಗೆ ಎರಡು ಆಕಾರಗಳಿದ್ದರೆ ಕ್ಲೈಂಟ್ ಬರೆಯುವವರಿಗೆ ತೊಂದರೆ. ಎಕ್ಸೆಪ್ಶನ್ ಹ್ಯಾಂಡ್ಲರ್‌ಗಳನ್ನು ಬರೆದು ಎಲ್ಲ ದೋಷಗಳನ್ನೂ ಒಂದೇ ಆಕಾರಕ್ಕೆ ತನ್ನಿ. 2023ರ ಆರ್‌ಎಫ್‌ಸಿ 9457 ಎಂಬ ಮಾನದಂಡ ಇದಕ್ಕಾಗಿಯೇ ಟೈಪ್, ಟೈಟಲ್, ಸ್ಟೇಟಸ್, ಡೀಟೇಲ್, ಇನ್‌ಸ್ಟೆನ್ಸ್ ಎಂಬ ಫೀಲ್ಡ್‌ಗಳ ರೂಪವನ್ನು ಕೊಟ್ಟಿದೆ. ಹ್ಯಾಂಡ್ಲರ್ ಬದಲಿಸಿದರೂ ಡಾಕ್ಯುಮೆಂಟೇಶನ್‌ನಲ್ಲಿ 422ರ ಹಳೆಯ ಆಕಾರವೇ ಉಳಿಯುತ್ತದೆ ಎಂಬುದನ್ನು ಮರೆಯಬೇಡಿ. ಅದನ್ನೂ ರೆಸ್ಪಾನ್ಸಸ್‌ನಲ್ಲಿ ಮರುಘೋಷಿಸಬೇಕು.

ಮಾರ್ಗದ ಫಂಕ್ಷನ್ ಅನ್ನು ಅಸಿಂಕ್ ಡೆಫ್ ಎಂದು ಬರೆಯಬೇಕೇ ಬರಿಯ ಡೆಫ್ ಎಂದು ಬರೆಯಬೇಕೇ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ನೀವು ಕರೆಯುವ ಲೈಬ್ರರಿ ಅವೇಟ್ ಮಾಡಲು ಬರುವಂಥದ್ದಾದರೆ ಅಸಿಂಕ್ ಡೆಫ್, ಇಲ್ಲವಾದರೆ ಡೆಫ್. ಡೆಫ್ ಫಂಕ್ಷನ್‌ಗಳನ್ನು ಫ್ರೇಮ್‌ವರ್ಕ್ ಪ್ರತ್ಯೇಕ ಥ್ರೆಡ್‌ಗಳಲ್ಲಿ ನಡೆಸುತ್ತದೆ. ಅಸಿಂಕ್ ಡೆಫ್‌ನ ಒಳಗೆ ತಡೆದು ನಿಲ್ಲಿಸುವ ಡೇಟಾಬೇಸ್ ಕರೆ ಮಾಡಿದರೆ ಆ ಹೊತ್ತಿನಲ್ಲಿ ಆ ಪ್ರಾಸೆಸ್‌ನ ಬೇರೆ ಕೋರಿಕೆಗಳೂ ಕಾಯುತ್ತವೆ.

ಓದುಗರಿಗಾಗಿ ಬರೆಯುವುದು

ಫಂಕ್ಷನ್‌ನ ಡಾಕ್‌ಸ್ಟ್ರಿಂಗ್, ಅಂದರೆ ಅದರ ಆರಂಭದಲ್ಲಿ ಬರೆಯುವ ವಿವರಣೆಯ ಪಠ್ಯ, ಮಾರ್ಕ್‌ಡೌನ್ ರೂಪದಲ್ಲಿ ಮಾರ್ಗದ ವಿವರಣೆಯಾಗುತ್ತದೆ. ಸಮ್ಮರಿ ಕೊಡದಿದ್ದರೆ ಫಂಕ್ಷನ್‌ನ ಹೆಸರೇ ಶೀರ್ಷಿಕೆಯಾಗುತ್ತದೆ. ಅಳತೆಯನ್ನು ಸೇರಿಸುತ್ತದೆ ಎಂದಷ್ಟೇ ಬರೆದರೆ ಓದುಗರಿಗೆ ಹೊಸದೇನೂ ಸಿಗುವುದಿಲ್ಲ, ಅದು ವಿಳಾಸದಿಂದಲೇ ತಿಳಿಯುತ್ತದೆ. ಯಾವಾಗ ಕರೆಯಬೇಕು, ಮತ್ತೆ ಕರೆದರೆ ಏನಾಗುತ್ತದೆ, ಫಲಿತಾಂಶ ಯಾವ ಕ್ರಮದಲ್ಲಿ ಬರುತ್ತದೆ, ಕಾಲಾವಧಿಯ ಕೊನೆಯ ಗಳಿಗೆ ಒಳಗೊಂಡಿದೆಯೇ ಹೊರಗಿದೆಯೇ ಎಂಬಂಥ ಮಾತುಗಳು ಅಲ್ಲಿ ಬರಬೇಕು.

ಉದಾಹರಣೆಗಳನ್ನು ಫೀಲ್ಡ್‌ನ ಎಕ್ಸಾಂಪಲ್ಸ್‌ನಲ್ಲಿ ನಿಜವಾದ ಬೆಲೆಗಳೊಂದಿಗೆ ಕೊಡಿ. ಪುಟದಲ್ಲಿ ಕೋರಿಕೆ ಕಳುಹಿಸಿ ನೋಡುವವರು ಮೊದಲು ಒತ್ತುವುದು ಆ ಉದಾಹರಣೆಯನ್ನೇ. ಅದು ನಿಯಮಕ್ಕೆ ಒಪ್ಪದೆ 422 ಬಂದರೆ ಇಡೀ ವಿವರಣೆಯ ಮೇಲಿನ ನಂಬಿಕೆ ಹೋಗುತ್ತದೆ. ಓಪನ್‌ಎಪಿಐ ಕಡತದಲ್ಲಿ ಪ್ರತಿಯೊಂದು ಕ್ರಿಯೆಗೂ ಇರುವ ಗುರುತಾದ ಆಪರೇಶನ್ ಐಡಿಯನ್ನೂ ನೀವೇ ಆರಿಸಿ. ತಾನಾಗಿ ಹುಟ್ಟುವ ಗುರುತು ಫಂಕ್ಷನ್‌ನ ಹೆಸರು, ಮಾರ್ಗ ಮತ್ತು ವಿಧಾನ ಮೂರನ್ನೂ ಜೋಡಿಸಿದ ಉದ್ದದ ಪದವಾಗಿದ್ದು, ಕ್ಲೈಂಟ್ ಕೋಡ್ ಹುಟ್ಟಿಸಿದಾಗ ಮೆಥಡ್‌ಗಳ ಹೆಸರೂ ಅದೇ ಆಗುತ್ತದೆ.

ಭದ್ರತೆಯನ್ನು ಎಪಿಐಕೀಹೆಡರ್ ಅಥವಾ ಓಆತ್2ಗೆ ಸಂಬಂಧಿಸಿದ ಸಿದ್ಧ ಕ್ಲಾಸ್‌ಗಳ ಮೂಲಕ ಡಿಪೆಂಡೆನ್ಸಿಯಾಗಿ (ಮಾರ್ಗಕ್ಕೆ ಬೇಕಾದದ್ದನ್ನು ಫ್ರೇಮ್‌ವರ್ಕ್ ಒದಗಿಸುವ ವ್ಯವಸ್ಥೆಯಾಗಿ) ಸೇರಿಸಿದರೆ ಅದು ಓಪನ್‌ಎಪಿಐ ಕಡತದಲ್ಲಿ ದಾಖಲಾಗಿ, ಡಾಕ್ಸ್ ಪುಟದಲ್ಲಿ ಆಥರೈಸ್ ಗುಂಡಿ ಕಾಣಿಸಿಕೊಳ್ಳುತ್ತದೆ. ಹೆಡರ್ ಅನ್ನು ಮಿಡಲ್‌ವೇರ್‌ನಲ್ಲಿ (ಎಲ್ಲ ಕೋರಿಕೆಗಳೂ ಹಾದುಹೋಗುವ ನಡುವಿನ ಕೋಡ್‌ನಲ್ಲಿ) ಕೈಯಾರೆ ಓದಿ ಪರಿಶೀಲಿಸಿದರೆ ರಕ್ಷಣೆ ಸಿಗುತ್ತದೆ, ವಿವರಣೆ ಸಿಗುವುದಿಲ್ಲ. ಕೀಲಿಗಳನ್ನು ಹೋಲಿಸುವಾಗ ಸೀಕ್ರೆಟ್ಸ್ ಮಾಡ್ಯೂಲ್‌ನ ಕಂಪೇರ್ ಡೈಜೆಸ್ಟ್ ಬಳಸಿ.

ಪರೀಕ್ಷೆ, ನಿಯೋಜನೆ ಮತ್ತು ಬದಲಾವಣೆ

ಟೆಸ್ಟ್‌ಕ್ಲೈಂಟ್‌ನೊಂದಿಗೆ ಪೈಟೆಸ್ಟ್ ಬಳಸಿದರೆ ಸರ್ವರ್ ನಡೆಸದೆಯೇ ಮಾರ್ಗಗಳನ್ನು ಪರೀಕ್ಷಿಸಬಹುದು. ಡಿಪೆಂಡೆನ್ಸಿ ಓವರ್‌ರೈಡ್ಸ್ ಮೂಲಕ ನಿಜವಾದ ಡೇಟಾಬೇಸ್‌ನ ಜಾಗದಲ್ಲಿ ಪರೀಕ್ಷೆಯದನ್ನು ಇಡಬಹುದು. ಘೋಷಿಸಿದ ಪ್ರತಿಯೊಂದು ದೋಷಸಂಖ್ಯೆಗೂ ಒಂದು ಪರೀಕ್ಷೆ ಇರಲಿ. ಸ್ಕೀಮಾಥೆಸಿಸ್ ಎಂಬ ಉಪಕರಣ ಓಪನ್‌ಎಪಿಐ ಕಡತವನ್ನೇ ಓದಿ, ನಾವು ಯೋಚಿಸದ ಬೆಲೆಗಳನ್ನು ಹುಟ್ಟಿಸಿ ಕಳುಹಿಸಿ, ಉತ್ತರಗಳು ಘೋಷಣೆಗೆ ಹೊಂದುತ್ತವೆಯೇ ಎಂದು ನೋಡುತ್ತದೆ. ಬರೆದ ಮಾತಿಗೂ ನಡೆಯುವ ಕೋಡ್‌ಗೂ ಇರುವ ಬಿರುಕುಗಳನ್ನು ಇಷ್ಟು ಬೇಗ ತೋರಿಸುವ ಮಾರ್ಗ ವಿರಳ.

ಬಳಕೆಗೆ ಬಿಡುವಾಗ ಡೆವ್ ಬದಲು ಫಾಸ್ಟ್‌ಎಪಿಐ ರನ್ ಆದೇಶ ಬಳಸಿ. ಕೋರಿಕೆಗಳನ್ನು ಮೊದಲು ಪಡೆದು ಎಪಿಐಗೆ ದಾಟಿಸುವ ಪ್ರಾಕ್ಸಿ ಸರ್ವರ್, ವಿಳಾಸದ ಆರಂಭದ ಭಾಗವನ್ನು ಕತ್ತರಿಸಿ ಕಳುಹಿಸುತ್ತಿದ್ದರೆ ರೂಟ್ ಪಾತ್ ಹೊಂದಿಸಬೇಕು. ಇಲ್ಲವಾದರೆ ಡಾಕ್ಸ್ ಪುಟಕ್ಕೆ ತನ್ನ ಜೇಸನ್ ಕಡತವೇ ಸಿಗುವುದಿಲ್ಲ. ಸ್ವ್ಯಾಗರ್ ಯುಐಯ ಸ್ಕ್ರಿಪ್ಟ್‌ಗಳು ಮೂಲತಃ ಹೊರಗಿನ ಸಿಡಿಎನ್ ಎಂಬ ಕಡತ ವಿತರಣಾ ಜಾಲದಿಂದ ಬರುವುದರಿಂದ, ಇಂಟರ್‌ನೆಟ್ ಇಲ್ಲದ ಆಂತರಿಕ ಜಾಲದಲ್ಲಿ ಪುಟ ಖಾಲಿಯಾಗಿ ಕಾಣುತ್ತದೆ. ಅಲ್ಲಿ ಆ ಕಡತಗಳನ್ನು ನಿಮ್ಮ ಸರ್ವರ್‌ನಿಂದಲೇ ಒದಗಿಸಿ.

ಕೊನೆಯ ಹೆಜ್ಜೆ, ನನ್ನ ಅಭಿಪ್ರಾಯದಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವಂಥದ್ದು. ಅಪ್ಲಿಕೇಶನ್ ವಸ್ತುವಿನ ಓಪನ್‌ಎಪಿಐ ಮೆಥಡ್ ಕರೆದು ಬಂದ ಫಲಿತಾಂಶವನ್ನು ಒಂದು ಜೇಸನ್ ಕಡತವಾಗಿ ಬರೆದು, ಅದನ್ನು ಕೋಡ್‌ನ ಜೊತೆಗೆ ಗಿಟ್‌ನಲ್ಲಿ ಇಡಿ. ಹೊಸದಾಗಿ ಹುಟ್ಟಿದ ಕಡತ ಉಳಿಸಿದ ಕಡತಕ್ಕಿಂತ ಬೇರೆಯಾದರೆ ಸಿಐ, ಅಂದರೆ ಕೋಡ್ ಬದಲಾದಾಗ ತಾನಾಗಿ ನಡೆಯುವ ಪರೀಕ್ಷಾ ವ್ಯವಸ್ಥೆ, ವಿಫಲವಾಗುವಂತೆ ಮಾಡಿ. ಆಗ ಎಪಿಐಯ ಹೊರಮೈ ಬದಲಾದಾಗಲೆಲ್ಲ ಆ ಬದಲಾವಣೆ ಪರಿಶೀಲಕರ ಕಣ್ಣಿಗೆ ಸಾಲುಸಾಲಾಗಿ ಬೀಳುತ್ತದೆ. ಐಚ್ಛಿಕ ಫೀಲ್ಡ್ ಒಂದನ್ನು ಉತ್ತರಕ್ಕೆ ಸೇರಿಸುವುದು ಸಾಮಾನ್ಯವಾಗಿ ಅಪಾಯವಿಲ್ಲದ ಬದಲಾವಣೆ. ಫೀಲ್ಡ್ ತೆಗೆಯುವುದು, ಟೈಪ್ ಬದಲಿಸುವುದು, ಐಚ್ಛಿಕವಾಗಿದ್ದುದನ್ನು ಕಡ್ಡಾಯ ಮಾಡುವುದು ಕ್ಲೈಂಟ್‌ಗಳನ್ನು ಮುರಿಯುವಂಥವು. ಎರಡನೆಯ ಬಗೆಯದನ್ನು ಮಾಡಲೇಬೇಕಾದಾಗ ಮಾರ್ಗಕ್ಕೆ ಹೊಸ ಆವೃತ್ತಿಯ ಪ್ರಿಫಿಕ್ಸ್ ಕೊಟ್ಟು, ಹಳೆಯದಕ್ಕೆ ಡೆಪ್ರಿಕೇಟೆಡ್ ಎಂಬ ಗುರುತು ಹಾಕಿ, ಅದು ನಿಲ್ಲುವ ದಿನಾಂಕವನ್ನು ವಿವರಣೆಯಲ್ಲಿಯೂ ಸನ್‌ಸೆಟ್ ಹೆಡರ್‌ನಲ್ಲಿಯೂ ತಿಳಿಸಿ. ಹಳೆಯ ಮಾರ್ಗಕ್ಕೆ ಇನ್ನೂ ಯಾವ ಕೀಲಿಗಳಿಂದ ಕೋರಿಕೆ ಬರುತ್ತಿದೆ ಎಂಬುದನ್ನು ಲಾಗ್‌ಗಳಲ್ಲಿ ನೋಡಿ, ಆ ಬಳಕೆದಾರರಿಗೆ ನೇರವಾಗಿ ಬರೆದು, ಕೋರಿಕೆಗಳು ನಿಂತ ಮೇಲೆಯೇ ಆ ಕೋಡ್ ಅನ್ನು ಅಳಿಸಿ.